ಅಮ್ಮನ ಶ್ರುತಿ, ಮೇಷ್ಟ್ರ ಅರ

ನಾನು ಪಿಟೀಲನ್ನು ಎರಡು ಥರ ಹಿಡಿಯುತ್ತೇನೆ. ನೆಲದ ಮೇಲೆ ಕಾಲು ಮಡಚಿ ಕೂತು, ವಾದ್ಯದ ತಲೆಯನ್ನು ಬಲಪಾದದ ಮೇಲೆ ಇಟ್ಟುಕೊಂಡು ನುಡಿಸುವುದು ಒಂದು. ಎದ್ದು ನಿಂತು, ಗಲ್ಲದ ಕೆಳಗೆ ಒತ್ತಿಕೊಂಡು ನುಡಿಸುವುದು ಇನ್ನೊಂದು. ಮೊದಲನೆಯದನ್ನು ಬಂಗಾರಪೇಟೆಯಲ್ಲಿ ಕಲಿತೆ, ಎರಡನೆಯದನ್ನು ಉರಿಗಾಂನಲ್ಲಿ. ಒಂದು ಕಾಲಕ್ಕೆ ನನ್ನ ಕಛೇರಿಗಳಲ್ಲಿ ಒಂದೇ ಹಾಡಿನ ನಡುವೆ ಎರಡು ಮೂರು ಸಲ ಏಳುತ್ತಿದ್ದೆ, ಕೂರುತ್ತಿದ್ದೆ. ಪೂರ್ವ ಪಶ್ಚಿಮಗಳು ಸೇರುವುದನ್ನು ಹೀಗೆ ತೋರಿಸುತ್ತಾನೆ ಎಂದು ಜನ ಚಪ್ಪಾಳೆ ಹೊಡೆಯುತ್ತಿದ್ದರು. ನಿಜ ಹೇಳಬೇಕೆಂದರೆ, ಕೂತರೆ ನಿಲ್ಲಬೇಕು ಅನ್ನಿಸುತ್ತಿತ್ತು, ನಿಂತರೆ ಕೂರಬೇಕು ಅನ್ನಿಸುತ್ತಿತ್ತು. ಅಷ್ಟೇ.

ಮನೆಯಲ್ಲೂ ಹಾಗೇ. ಊಟಕ್ಕೆ ಕೂತವನು ತಟ್ಟೆ ಹಿಡಿದುಕೊಂಡು ಬಾಗಿಲಿಗೂ ಕಿಟಕಿಗೂ ಓಡಾಡುತ್ತೇನೆ. ‘ನಿಮ್ಮ ಕಾಲಿಗೆ ಯಾರು ಕೀಲಿ ಕೊಟ್ಟಿದ್ದಾರೆ?’ ಎಂದು ಹೆಂಡತಿ ಕೇಳುತ್ತಾಳೆ. ನಮ್ಮ ಬಾಡಿಗೆ ಮನೆ ಬಂಗಾರಪೇಟೆಯ ರೈಲು ನಿಲ್ದಾಣಕ್ಕೆ ಹತ್ತಿರ. ಬೂದಿಕೋಟೆ ಕಡೆಯ ಬಸ್ಸು ಹತ್ತಿದರೆ ಅಮ್ಮನ ಹಳ್ಳಿ. ಮಾರಿಕುಪ್ಪದ ರೈಲು ಹತ್ತಿದರೆ ಕೆಜಿಎಫ್‌ನ ಉರಿಗಾಂ, ನನ್ನ ಮೇಷ್ಟ್ರ ಊರು. ಬೆಳಗಿನ ರೈಲಿಗೆ ಬೆಂಗಳೂರು. ಎಲ್ಲಿಗೆ ಹೋದರೂ ಮರಳುವ ಗಾಡಿಯ ಹೊತ್ತು ನೋಡಿಕೊಂಡೇ ಇರುತ್ತಿದ್ದೆ.

ಅಮ್ಮನಿಗೆ ನಾಲ್ಕು ಹಸು. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾಳೆ. ಶನಿವಾರ ಸಂಜೆ ಊರ ಮುಂದಿನ ಭಜನೆ ಮನೆಯಲ್ಲಿ ಏಳೆಂಟು ಜನ ಸೇರಿ ತತ್ವಪದ ಹಾಡುತ್ತಾರೆ. ದೇಹ, ಗುರು, ಸಾವು, ನೀರು ಇವುಗಳನ್ನು ಕುರಿತ ಪದಗಳು. ಕೆಲವು ಕನ್ನಡ, ಕೆಲವು ತೆಲುಗು, ಕೆಲವು ಅರ್ಧರ್ಧ. ಅಪ್ಪ ತೀರಿಕೊಂಡ ಮೇಲೆ ಮೊದಲ ಸೊಲ್ಲು ಎತ್ತಿಕೊಡುವ ಕೆಲಸ ಅಮ್ಮನಿಗೆ ಬಂತು. ಅವಳು ಬಾಯಿ ತೆರೆದ ಜಾಗವೇ ಷಡ್ಜ. ತಂಬೂರಿ ಹಿಡಿದವರು ಬಿರಟೆ ತಿರುಗಿಸಿಕೊಂಡು ಅಲ್ಲಿಗೆ ಬರಬೇಕು. ಆ ಜಾಗ ಯಾವ ಹಾರ್ಮೋನಿಯಂನಲ್ಲೂ ಇಲ್ಲ. ಒತ್ತುವ ಒಂದೊಂದು ಪಟ್ಟಿಗೂ ನಾವು ಮನೆ ಎನ್ನುತ್ತೇವೆ. ಒಂದು ಮನೆಗಿಂತ ತುಸು ಮೇಲೆ, ಪಕ್ಕದ ಮನೆಗಿಂತ ತುಸು ಕೆಳಗೆ, ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕೂತ ಹಾಗೆ. ನನ್ನ ಕಿವಿಗೆ ಮೊದಲು ಬಿದ್ದ ಸಂಗೀತ ಅದು.

ಮೇಷ್ಟ್ರ ಪರಿಚಯವಾಗಿದ್ದು ನಾನು ಕೆಜಿಎಫ್‌ನ ಕಾಲೇಜಿಗೆ ಹೋಗುತ್ತಿದ್ದಾಗ. ಅವರು ಪಾಠ ಹೇಳುವ ಮೇಷ್ಟ್ರಲ್ಲ. ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸಗಾರರನ್ನು ಹೊತ್ತ ಕಬ್ಬಿಣದ ತೊಟ್ಟಿಲನ್ನು ಬಾವಿಯೊಳಗೆ ಇಳಿಸುವ, ಎತ್ತುವ ದೊಡ್ಡ ಯಂತ್ರವನ್ನು ಓಡಿಸುತ್ತಿದ್ದವರು. ಕೆಳಗಿನಿಂದ ಬರುವ ಬೆಲ್ಲಿನ ಸದ್ದು ಎಣಿಸಿ, ಎಷ್ಟು ಆಳಕ್ಕೆ, ಎಷ್ಟು ಮೆಲ್ಲಗೆ ಎಂದು ತಿಳಿದು ಹಗ್ಗ ಬಿಡುವ ಕೆಲಸ. ಗಣಿ ಮುಚ್ಚಿದ ಮೇಲೆ ಉಳಿದಿದ್ದು ಅವರಿಗೆ ಮೇಷ್ಟ್ರು ಎಂಬ ಹೆಸರು ತಂದ ಚರ್ಚಿನ ಹಾಡಿನ ತಂಡ ಮತ್ತು ಮನೆಯಲ್ಲಿದ್ದ ಒಂದು ಹಳೆಯ ಆರ್ಗನ್, ಕಾಲಲ್ಲಿ ತುಳಿದು ಗಾಳಿ ಊದಿಸುವ ಜಾತಿಯದು. ಒಂದು ದಿನ ಅವರ ಸಾಲುಮನೆಯ ಮುಂದೆ ಹೋಗುತ್ತಿದ್ದವನು ಒಳಗೆ ನಾಲ್ಕು ಜನ ನಾಲ್ಕು ಬೇರೆ ಬೇರೆ ಸ್ವರ ಹಾಡುತ್ತಿದ್ದರೂ ಜಗಳವಾಗದೆ ಇರುವುದನ್ನು ಕೇಳಿ ನಿಂತುಬಿಟ್ಟೆ. ನಮ್ಮಲ್ಲಿ ಎಲ್ಲರೂ ಒಂದೇ ಸ್ವರಕ್ಕೆ ಬರುತ್ತೇವೆ. ಇಲ್ಲಿ ಯಾರೂ ಇನ್ನೊಬ್ಬರ ಸ್ವರಕ್ಕೆ ಹೋಗಲಿಲ್ಲ, ಆದರೂ ಒಟ್ಟಿಗಿದ್ದರು. ಬಿಸಿಲಲ್ಲಿ ನಿಂತವನನ್ನು ಅವರೇ ತಮಿಳು ಬೆರೆತ ಕನ್ನಡದಲ್ಲಿ ಕರೆದರು.

‘ಎನ್ನ ತಂಬಿ, ಅಡ್ರೆಸ್ ತಪ್ಪಿ ಬಂದ್ಯಾ?’

‘ಇಲ್ಲ ಸಾರ್, ಕೇಳ್ತಾ ಇದ್ದೆ.’

‘ಒಳ್ಗಡೆ ಬಂದು ಕೇಳು. ಬಿಸಿಲಲ್ಲಿ ನಿಂತಿದ್ದಕ್ಕೆ ಕಾಸು ಕೊಡಲ್ಲ ಯಾರೂ.’

ಹಾಗೆ ಒಳಗೆ ಹೋದವನು ಐದು ವರ್ಷ ಹೋಗುತ್ತಲೇ ಇದ್ದೆ. ಪಿಟೀಲನ್ನು ಗಲ್ಲದ ಕೆಳಗೆ ಹಿಡಿಯುವುದನ್ನು ಕಲಿತೆ. ಒಂದು ಸಂಗತಿ ಇಲ್ಲಿ ಹೇಳಿಬಿಡಬೇಕು. ಶನಿವಾರ ಅಮ್ಮನ ಭಜನೆಯಲ್ಲಿ ಪದ ಮುಗಿದು ತಾಳ ನಿಂತ ಮೇಲೆ ಒಂದು ಗಳಿಗೆ ಯಾರೂ ಮಾತಾಡುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಹಾಡು ಮುಗಿದ ಮೇಲೂ ಅಂಥದೇ ಒಂದು ಗಳಿಗೆ. ಎರಡರಲ್ಲೂ ನನ್ನೊಳಗೆ ಏನೋ ಸುಮ್ಮನಾಗುತ್ತಿತ್ತು. ಎರಡೂ ಒಂದೇ ಎಂದು ಇಪ್ಪತ್ತು ದಾಟಿದ ಆ ವಯಸ್ಸಿನಲ್ಲಿ ತೀರ್ಮಾನಿಸಿದೆ. ಮುಂದೆ ನನ್ನ ಹೆಸರು, ಕೆಲಸ ಎಲ್ಲ ನಡೆದಿದ್ದು ಆ ತೀರ್ಮಾನದ ಮೇಲೆ. ಬೆಂಗಳೂರಿನ ವೇದಿಕೆಗಳಲ್ಲಿ ಹಿಂದೆ ತಂಬೂರಿ, ಪಕ್ಕದಲ್ಲಿ ಕೀಬೋರ್ಡು ಇಟ್ಟುಕೊಂಡು ನಿಂತು, ‘ದಾರಿಗಳು ಬೇರೆ, ನಾದ ಒಂದೇ’ ಎಂದು ಶುರುಮಾಡಿ ನಾಲ್ಕು ಮಾತು ಹೇಳುತ್ತಿದ್ದೆ. ಪ್ರತಿ ಸಲವೂ ಅದೇ ನಾಲ್ಕು ಮಾತು. ಹೇಳುತ್ತಾ ಹೇಳುತ್ತಾ ಆ ಸುಮ್ಮನಾಗುವ ಗಳಿಗೆ ನನ್ನಿಂದ ಹೊರಟುಹೋಗಿತ್ತು. ಹಾಡು ಮುಗಿಯುತ್ತಿದ್ದಂತೆ ಚಪ್ಪಾಳೆ ಬೀಳುತ್ತಿತ್ತಲ್ಲ, ಗೊತ್ತೇ ಆಗಿರಲಿಲ್ಲ.

ಹೋದ ವರ್ಷ ಬೆಂಗಳೂರಿನ ಒಂದು ಧ್ಯಾನ ಕೇಂದ್ರದವರು ತಮ್ಮ ದೊಡ್ಡ ಸಮಾವೇಶಕ್ಕೆ ಒಂದು ಹಾಡು ಮಾಡಿಕೊಡಿ ಎಂದರು. ಬೇರೆ ಬೇರೆ ದೇಶದವರು ಬರುವ ಸಮಾವೇಶ. ಅಮ್ಮನ ಒಂದು ಪದ, ಮೇಷ್ಟ್ರ ಒಂದು ಹಾಡು, ಎರಡನ್ನೂ ಕೂಡಿಸುತ್ತೇನೆ ಎಂದೆ. ಅಮ್ಮನ ಪದ ಹೀಗೆ ಶುರುವಾಗುತ್ತದೆ:

ಬಾವಿ ತೋಡಿದೋನೆ ಬಾಯಾರಿ ಕುಂತೆಯಲ್ಲೊ
ನೀರು ಕೆಳಗೈತೆ, ನೀನು ಮೇಲೆ

ಮೇಷ್ಟ್ರದು ಅವರೇ ತಮಿಳಿನಲ್ಲಿ ಕಟ್ಟಿದ ಹಾಡು. ಗಣಿಯೊಳಗೆ ಹೋಗಿ ಮೇಲೆ ಬಾರದವರಿಗಾಗಿ ಕಟ್ಟಿದ್ದು.

ಅಮ್ಮನ ದನಿಯನ್ನು ಮನೆಯ ಜಗುಲಿಯಲ್ಲಿ ರೆಕಾರ್ಡು ಮಾಡಿಕೊಂಡೆ. ಆರ್ಗನ್ನನ್ನು ಉರಿಗಾಂನಲ್ಲಿ. ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟಾಗ ಹಲ್ಲಿಗೆ ಮರಳು ಸಿಕ್ಕ ಹಾಗಾಯಿತು. ಅಮ್ಮ ಎರಡು ಮನೆಗಳ ನಡುವಿನ ಆ ಗೋಡೆಯ ಮೇಲೆಯೇ ಕೂತಿದ್ದಳು. ನಾನು ಯೋಚನೆ ಮಾಡಲಿಲ್ಲ. ಅಮ್ಮನ ದನಿಯನ್ನು ಆರಿಸಿ, ಕಾಲು ಸ್ವರದಷ್ಟು ಕೆಳಗೆ ಇಳಿಸಿದೆ. ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ. ಆರ್ಗನ್ನಿನ ಮೇಲೆ ಅವಳು ಅಚ್ಚುಕಟ್ಟಾಗಿ ಕೂತುಕೊಂಡಳು.

ಸಮಾವೇಶದಲ್ಲಿ ಕೇಳಿದವರು ಕಣ್ಣೊರೆಸಿಕೊಂಡರಂತೆ. ಎಲ್ಲೆಲ್ಲಿಂದಲೋ ಪತ್ರಗಳು ಬಂದವು. ಕೇಂದ್ರದವರು ಸಂತೋಷದಿಂದ ಒಂದು ತಿಂಗಳು ಬಿಟ್ಟು ಅದೇ ಹಾಡಿನ ಸುತ್ತ ಪೂರ್ತಿ ಕಛೇರಿ ಇಡೋಣ ಎಂದರು. ಅಮ್ಮನಿಗೆ ಕೇಳಿಸಲು ನಾನು ಊರಿಗೆ ಹೋದೆ. ಮಧ್ಯಾಹ್ನದ ಹೊತ್ತು, ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಕಿವಿಗೆ ನಾನೇ ಇಯರ್‌ಫೋನ್ ಸಿಕ್ಕಿಸಿದೆ. ಅವಳ ಕೈ ಸ್ವಲ್ಪ ಹೊತ್ತು ಸುಲಿಯಿತು, ಆಮೇಲೆ ನಿಂತಿತು.

‘ಸೆನ್ನಾಗೈತೆ. ಯಾರಪ್ಪಾ ಇವಳು?’

ನಗು ಬಂತು. ‘ನೀನೇ ಕಣಮ್ಮ.’

‘ನಾನಲ್ಲ.’

‘ನೀನೇ. ಇಲ್ಲೇ ಕೂತು ಹಾಡಿದೆಯಲ್ಲ ಅವತ್ತು.’

ಮತ್ತೆ ಕೇಳಿದಳು. ಕಣ್ಣು ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ. ‘ಪದ ನಂದೇ. ಉಸಿರು ತಗಳ್ಳಾದೂ ನನ್ನಂಗೇ. ಆದ್ರೆ ಗಂಟ್ಲು ನಂದಲ್ಲ ಕಣಪ್ಪ. ನನ್ನಂಗೆ ಆಡೋಳು ಇನ್ಯಾರೋ ಅವಳೆ.’

ಏನು ಮಾಡಿದ್ದೆ ಎಂದು ಆಗ ಹೇಳಿದೆ. ಒಂದು ಚೂರು, ಕೂದಲೆಳೆಯಷ್ಟು ಇಳಿಸಿದ್ದೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅವಳು ಇಯರ್‌ಫೋನ್ ತೆಗೆದು ನನ್ನ ಕೈಗಿಟ್ಟಳು. ‘ಓಗ್ಲಿ ಬಿಡು’ ಎಂದು ಅವರೆಕಾಯಿಗೆ ಕೈ ಹಾಕಿದಳು. ನನಗೆ ಸಿಟ್ಟು ಬಂದಿತ್ತು. ಅಷ್ಟು ದೊಡ್ಡ ಸಮಾವೇಶದಲ್ಲಿ ಅವಳ ದನಿ ಕೇಳಿಸಿದ್ದೇನೆ, ಇವಳಿಗೆ ಕೂದಲೆಳೆ ಕಾಣಿಸುತ್ತದೆ ಎಂದುಕೊಂಡೆ. ಸಂಜೆಯ ಬಸ್ಸಿಗೆ ಕಾಯದೆ ಸಿಕ್ಕಿದ ಆಟೋ ಹತ್ತಿ ಬಂದುಬಿಟ್ಟೆ.

ಅದರ ಮುಂದಿನ ಶನಿವಾರ ಮತ್ತೆ ಊರಿಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ, ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಭಜನೆ ಮನೆಯಲ್ಲಿ ಎಲ್ಲರೂ ಕೂತಿದ್ದರು. ಅಮ್ಮ ಬಾಯಿ ತೆರೆದಳು, ನಿಲ್ಲಿಸಿದಳು. ಗಂಟಲು ಸರಿಮಾಡಿಕೊಂಡು ಇನ್ನೊಂದು ಕಡೆಯಿಂದ ಎತ್ತಿದಳು. ತಂಬೂರಿಯವರು ಬಿರಟೆ ತಿರುಗಿಸಿದರು. ಅಷ್ಟರಲ್ಲಿ ಅವಳು ಮತ್ತೆ ಬದಲಾಯಿಸಿದಳು. ಮೂರನೆಯ ಸಲ ಎತ್ತಿಕೊಳ್ಳಲೇ ಇಲ್ಲ.

‘ನೀವ್ ಆಡ್ರಿ. ನಂಗೆ ಗಂಟ್ಲು ಕಟ್ಟೈತೆ’ ಎಂದಳು.

ಗಂಟಲು ಕಟ್ಟಿರಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಹೇಳಿದಳು: ‘ಎಲ್ಲಿಂದ ಎತ್ಕೋಬೇಕು ಅಂತ ಯಾವತ್ತೂ ಯೋಚ್ನೆ ಮಾಡ್ದೋಳಲ್ಲ. ಈಗ ಬಾಯಿ ತೆಗೆದ್ರೆ ಇದು ನಂದಾ, ಆ ಇನ್ನೊಬ್ಬಳದಾ ಅಂತ ಅನುಮಾನ ಬತ್ತೈತೆ.’ ಬೈಯಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದ ಜಾಗ ತೋರಿಸುವಂತೆ ಹೇಳಿದಳು. ಅದಾದ ಮೇಲೆ ಭಜನೆಗೆ ಹೋಗುವುದನ್ನೇ ಬಿಟ್ಟಳು. ಹಸುವಿಗೆ ಹುಷಾರಿಲ್ಲ ಎಂದು ನೆಪ ಹೇಳಿದಳಂತೆ. ಹಸುಗಳು ನಾಲ್ಕೂ ಚೆನ್ನಾಗಿದ್ದವು.

ಆ ದಿನಗಳಲ್ಲೇ ಕೇಂದ್ರದ ಕಛೇರಿ ಬಂತು. ಬಿಳಿ ಗೋಡೆ, ಬಿಳಿ ಹಾಸು, ಬಿಳಿ ಬಟ್ಟೆಯ ಜನ. ನಾಲ್ಕು ಮಾತುಗಳನ್ನು ಹೇಳಿದೆ. ಸ್ಪೀಕರಿನಿಂದ ಅಮ್ಮನ ಇಳಿಸಿದ ದನಿ ಬಂತು, ಕೀಬೋರ್ಡಿನವನು ಜೊತೆಯಾದ. ನಾನು ಪಿಟೀಲು ಎತ್ತಿ ಷಡ್ಜಕ್ಕೆ ಬೆರಳಿಟ್ಟೆ. ಬೆರಳು ಬೇರೆ ಕಡೆಗೆ ಹೋಯಿತು. ಕಾಲು ಸ್ವರ ಮೇಲೆ, ಅಮ್ಮನ ನಿಜವಾದ ಜಾಗಕ್ಕೆ. ಸಭೆಯಲ್ಲಿ ಒಂದಿಬ್ಬರು ತಲೆ ಎತ್ತಿ ನೋಡಿದರು. ಇಳಿಸಿಕೊಂಡೆ. ಎರಡು ಸಾಲು ಕಳೆಯುವುದರಲ್ಲಿ ಬೆರಳು ಮತ್ತೆ ಏರಿತ್ತು. ನಾನು ಬೇಕೆಂದು ಮಾಡಿದ್ದಲ್ಲ. ಹುಟ್ಟಿದಾಗಿನಿಂದ ನನ್ನ ಕಿವಿಗೆ ಆ ದನಿಯ ಜಾಗ ಗೊತ್ತಿತ್ತು, ಕೈ ಅಲ್ಲಿಗೆ ಹೋಗುತ್ತಿತ್ತು. ಕೀಬೋರ್ಡಿನವನು ಕಣ್ಣಲ್ಲೇ ಏನು ಎಂದು ಕೇಳಿದ. ಕೂತು ನೋಡಿದೆ. ನಿಂತು ನೋಡಿದೆ. ಕಡೆಗೆ ಕಮಾನನ್ನು ಕೆಳಗಿಳಿಸಿ, ಹಾಡು ಮುಗಿಯುವ ತನಕ ಸುಮ್ಮನೆ ನಿಂತೆ. ಜನ ಅದನ್ನೂ ಮೌನ ಎಂದು ತಿಳಿದು ಕಣ್ಣು ಮುಚ್ಚಿಕೊಂಡರು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಮಾರಿಕುಪ್ಪದ ರೈಲು ಹತ್ತಿ ಉರಿಗಾಂನಲ್ಲಿ ಇಳಿದೆ. ಮೇಷ್ಟ್ರು ಮನೆಯ ಮುಂದಿನ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ಯಂತ್ರದ ಕೋಣೆಯಲ್ಲಿ ಕಳೆದ ವರ್ಷಗಳು ಅವರ ಕಿವಿಗಳನ್ನು ತಿಂದುಹಾಕಿದ್ದವು. ಹತ್ತಿರ ಕೂತು ಜೋರಾಗಿ ಹೇಳಬೇಕು. ಎಲ್ಲವನ್ನೂ ಹೇಳಿದೆ. ಹಾಡನ್ನು ಕೇಳಿಸಿದೆ. ಅವರು ಫೋನನ್ನು ದವಡೆಯ ಎಲುಬಿಗೆ ಒತ್ತಿಕೊಂಡು ಕೇಳಿದರು.

‘ಅಮ್ಮಾವರನ್ನ ಕೇಳಿದ್ಯಾ, ಇಳಿಸೋಕೆ ಮುಂಚೆ?’

‘ಇಲ್ಲ ಮೇಷ್ಟ್ರೇ.’

‘ನನ್ನ ಆರ್ಗನ್ನ ಎತ್ತಬಹುದಾಗಿತ್ತಲ್ಲಪ್ಪಾ, ಅದೇ ಕಂಪ್ಯೂಟರ್‌ನಾಗೆ. ಯಾಕೆ ಎತ್ತಲಿಲ್ಲ?’

‘ಕೀಬೋರ್ಡು, ಗಿಟಾರು, ಎಲ್ಲ ಆ ಶ್ರುತಿಯಲ್ಲೇ ಇದ್ದವು.’

‘ಓಹೋ’ ಎಂದರು. ಫೋನನ್ನು ನನ್ನ ಕೈಗೆ ಕೊಟ್ಟರು. ‘ಎಲ್ಲಾರೂ ನಿಂತಿರೋ ಕಡೆಗೆ ಅಮ್ಮನ್ನ ಎಳ್ಕೊಂಡು ಬಂದೆ. ಸರಿದಾನ್.’

ಅಮ್ಮನ ಮೂಲ ರೆಕಾರ್ಡು ಇದೆಯಾ ಎಂದು ಕೇಳಿ, ತಮ್ಮ ಫೋನಿಗೆ ಹಾಕಿಸಿಕೊಂಡರು. ಕಾಫಿ ಕುಡಿಸಿ ಕಳಿಸಿದರು.

ಆಮೇಲಿನ ಒಂದು ತಿಂಗಳು ನಾನು ಎಲ್ಲಿಯೂ ನಿಲ್ಲಲಿಲ್ಲ. ಬೆಂಗಳೂರಿಗೆ ಹೋಗುತ್ತಿದ್ದೆ, ಸ್ಟುಡಿಯೋದ ಬಾಗಿಲವರೆಗೆ ಹೋಗಿ ತಿರುಗಿ ರೈಲು ಹತ್ತುತ್ತಿದ್ದೆ. ಒಂದು ದಿನ ಕಾಮಸಮುದ್ರದ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ, ಅಲ್ಲೊಂದು ಟೀ ಕುಡಿದು, ಅದೇ ಬಸ್ಸಿನಲ್ಲಿ ಬಂದೆ. ಅಲ್ಲಿ ನನಗೆ ಯಾರೂ ಇಲ್ಲ, ಯಾವ ಕೆಲಸವೂ ಇರಲಿಲ್ಲ.

ಮೇಷ್ಟ್ರು ಫೋನ್ ಮಾಡಿ ಬಾ ಎಂದಾಗ ಏನೋ ಅನಾಹುತವಾಗಿದೆ ಎಂದುಕೊಂಡೇ ಹೋದೆ. ಬಾಗಿಲು ತೆರೆದಿತ್ತು. ಆರ್ಗನ್ನಿನ ಹೊಟ್ಟೆ ಬಿಚ್ಚಿತ್ತು. ನೆಲದ ಮೇಲೆ ಹಾಸಿದ ಪೇಪರಿನ ಮೇಲೆ ಹಿತ್ತಾಳೆಯ ರೀಡುಗಳು, ಒಂದೊಂದೂ ಬೆರಳಿನಷ್ಟು, ಗಾತ್ರದ ಪ್ರಕಾರ ಸಾಲಾಗಿ ಇದ್ದವು. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಸಣ್ಣ ಅರ ಹಿಡಿದು, ಒಂದು ರೀಡಿನ ತುದಿಯನ್ನು ಉಜ್ಜುತ್ತಿದ್ದರು. ಮೊಣಕಾಲಿನ ಮೇಲೆಲ್ಲ ಹಿತ್ತಾಳೆಯ ಪುಡಿ.

ಆರ್ಗನ್ನಿನೊಳಗೆ ಹಾಡುವುದು ಈ ರೀಡುಗಳ ನಾಲಿಗೆ. ತುದಿಯನ್ನು ಅರದಿಂದ ತೆಳ್ಳಗೆ ಮಾಡಿದರೆ ಸ್ವರ ಏರುತ್ತದೆ. ಬುಡವನ್ನು ಕೆರೆದರೆ ಇಳಿಯುತ್ತದೆ. ಉಜ್ಜಿದ ಹಿತ್ತಾಳೆ ಮರಳಿ ಬೆಳೆಯುವುದಿಲ್ಲ. ಅವರು ಇದ್ದ ಸ್ವರಗಳನ್ನೆಲ್ಲ, ಒಂದೊಂದಾಗಿ, ಕಾಲು ಸ್ವರ ಏರಿಸುತ್ತಾ ಬಂದಿದ್ದರು. ಇನ್ನು ಹತ್ತೋ ಹನ್ನೆರಡೋ ಉಳಿದಿದ್ದವು.

‘ಮೇಷ್ಟ್ರೇ, ಏನ್ ಮಾಡ್ತಾ ಇದೀರಾ!’ ಎಂದು ಕೂಗಿದೆ. ಅವರಿಗೆ ಕೇಳಿಸಲೆಂದು ಕೂಗಿದ್ದಲ್ಲ, ಕೂಗೇ ಬಂದಿದ್ದು.

‘ಕಾಣಿಸ್ತಾ ಇಲ್ವಾ? ಅಮ್ಮಾವರ ಮನೆಗೆ ಓಗ್ತಾ ಇದೀನಿ, ನಡ್ಕೊಂಡು.’

‘ಕಿವಿ ಕೇಳಿಸಲ್ಲ ನಿಮಗೆ. ಹೇಗೆ ಗೊತ್ತಾಗುತ್ತೆ ಸರಿಯಾಯ್ತು ಅಂತ?’

ಅವರು ತೋರಿಸಿದರು. ಫೋನಿನಲ್ಲಿ ಅಮ್ಮನ ದನಿಗೆ ಕೂಡಿಸಿಟ್ಟ ಒಂದು ತಂಬೂರಿಯ ಸ್ವರ. ಅದನ್ನು ಒಂದು ಸಣ್ಣ ಸ್ಪೀಕರಿಗೆ ಹಾಕಿ ಆರ್ಗನ್ನಿನ ಮೇಲಿಟ್ಟಿದ್ದರು. ರೀಡನ್ನು ಒಳಗೆ ಕೂರಿಸಿ, ಮನೆ ಒತ್ತಿ, ಒಂದು ಮರದ ಸ್ಕೇಲಿನ ಒಂದು ತುದಿಯನ್ನು ಆರ್ಗನ್ನಿಗೆ ಒತ್ತಿಹಿಡಿದು ಇನ್ನೊಂದನ್ನು ಹಲ್ಲಲ್ಲಿ ಕಚ್ಚಿಕೊಂಡರು. ಎರಡು ಸ್ವರ ಹತ್ತಿರ ಹತ್ತಿರ ಇದ್ದು ಒಂದಾಗದಿದ್ದರೆ ನಡುವೆ ಒಂದು ಅಲುಗಾಟ ಹುಟ್ಟುತ್ತದೆ, ವ್ಯಾಂವ್ ವ್ಯಾಂವ್ ಎಂದು. ಆ ಅಲುಗಾಟ ಹಲ್ಲಿಗೆ ತಿಳಿಯುತ್ತದೆ. ಅದು ಸತ್ತರೆ ಸ್ವರ ಸೇರಿತು ಎಂದು ಲೆಕ್ಕ. ನನ್ನ ಹಲ್ಲಿಗೂ ಸ್ಕೇಲು ಕೊಟ್ಟರು. ಅಲುಗಾಟವಿರಲಿಲ್ಲ.

‘ಚರ್ಚಿನವರ ಪ್ರಾಕ್ಟೀಸು ಇಲ್ಲೇ ಅಲ್ವಾ ನಡೆಯೋದು? ಅವರ ಕೀಬೋರ್ಡಿಗೆ ಇದು ಇನ್ನು ಸೇರಲ್ಲ.’

‘ಸೇರಲ್ಲ. ಹೇಳಿದೀನಿ. ಎರಡು ಜನ ಕೋಪ ಮಾಡ್ಕೊಂಡ್ರು. ಬುಡದಲ್ಲಿ ಕೆರೆದು ಮತ್ತೆ ಇಳಿಸಬಹುದು, ಆದ್ರೆ ರೀಡು ಸತ್ತೋಗ್ತದೆ. ಬೇಡ.’ ಅರವನ್ನು ಕೆಳಗಿಟ್ಟರು. ‘ಅಮ್ಮಾವರನ್ನ ಕರ್ಕೊಂಡು ಬಾ. ಬರಲ್ಲ ಅಂದ್ರೆ ಬಲವಂತ ಮಾಡ್ಬೇಡ.’

ನನಗೆ ಕಾಲು ಸ್ವರ ಒಂದು ಚಿಟಿಕೆಯ ಕೆಲಸವಾಗಿತ್ತು. ಅವರು ಅದೇ ಕಾಲು ಸ್ವರವನ್ನು ಒಂದು ತಿಂಗಳು, ಕೈಯಲ್ಲಿ ಮಾಡಿದ್ದರು. ರೈಲಿನಲ್ಲಿ ಬರುವಾಗ ಬಾಗಿಲಲ್ಲಿ ನಿಂತೆ. ಹೊರಗೆ ಗಣಿಯ ಬೂದು ದಿಬ್ಬಗಳು ಸರಿಯುತ್ತಿದ್ದವು. ಕಣ್ಣಲ್ಲಿ ನೀರು ಬಂದರೆ ಧೂಳು ಎನ್ನಬಹುದಾದ ಜಾಗ.

ಅಮ್ಮ ಬರುವುದಿಲ್ಲ ಎನ್ನಲಿಲ್ಲ. ಎಲ್ಲ ಕೇಳಿ, ‘ನಮ್ಮಂತೋರಿಗೋಸ್ಕರ ಪಾಪ ಆ ಯಪ್ಪ ಪೆಟ್ಟಿಗೇನೇ ಕೆಡಿಸ್ಕಂಡ್ನಾ?’ ಎಂದಳು. ಬೆಳಗಿನ ಹಾಲು ಕರೆದು, ಪಕ್ಕದ ಮನೆಯವರಿಗೆ ಸಂಜೆಯ ಹಾಲು ವಹಿಸಿ, ಒಂದು ಚೀಲದಲ್ಲಿ ಅವರೆಕಾಳು, ಸ್ಟೀಲ್ ಡಬ್ಬಿಯಲ್ಲಿ ಗಿಣ್ಣು ಹಿಡಿದು ಹೊರಟಳು. ಬಂಗಾರಪೇಟೆಯ ತನಕ ಬಸ್ಸು, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಡಬ್ಬಿಯ ಮುಚ್ಚಳ ಒತ್ತಿಹಿಡಿದು ಕೂತಿದ್ದಳು.

‘ವಾಂಗಮ್ಮಾ, ವಾಂಗ’ ಎಂದು ಮೇಷ್ಟ್ರು ಎದ್ದು ನಿಂತರು. ಅಮ್ಮ ಅವರನ್ನು ಅಣ್ಣಾ ಎಂದಳು, ನಾನು ಹೇಳಿದ್ದಂತೆ ಹತ್ತಿರ ಕೂತು, ಜೋರಾಗಿ. ಒಬ್ಬರ ತಮಿಳು, ಇನ್ನೊಬ್ಬರ ತೆಲುಗು, ಇಬ್ಬರ ಕನ್ನಡ ಸೇರಿ ಗಿಣ್ಣಿನ ಮಾತು, ಹಸುವಿನ ಮಾತು, ಮೊಣಕಾಲು ನೋವಿನ ಮಾತು ನಡೆಯಿತು. ಆಮೇಲೆ ಅಮ್ಮ ಗೋಡೆಯ ಮೇಲಿನ ಶಿಲುಬೆಯನ್ನು ನೋಡಿದಳು.

‘ಅಣ್ಣಾ, ನಮ್ ಪದ ಇಲ್ಲಿ ಆಡ್ಬೌದಾ? ಯಾರಾನ ಏನಾನ ಅಂದ್ರೆ?’

‘ನನ್ ಮನೆ ಇದು. ನೀವು ಆಡಿ. ಆಮೇಲೆ ಅವರತ್ರ ನಾನು ಮಾತಾಡ್ಕೋತೀನಿ’ ಎಂದು ಶಿಲುಬೆಯ ಕಡೆಗೆ ಕೈ ತೋರಿಸಿದರು. ಅಮ್ಮ ನಕ್ಕಳು. ಆ ತಿಂಗಳಲ್ಲಿ ನಾನು ಕಂಡ ಅವಳ ಮೊದಲ ನಗು.

ಮೇಷ್ಟ್ರು ತುಳಿದು, ಒಂದೇ ಮನೆಯನ್ನು ಒತ್ತಿದರು. ಅಮ್ಮ ಸ್ವಲ್ಪ ಹೊತ್ತು ಕೇಳಿದಳು. ಮುಖದ ಮೇಲಿನ ಬಿಗಿ ಸಡಿಲವಾಯಿತು. ಬಾಯಿ ತೆರೆದಳು. ತಡಕಾಡಲಿಲ್ಲ. ‘ಬಾವಿ ತೋಡಿದೋನೆ’ ಎಂಬ ಸೊಲ್ಲು ಭಜನೆ ಮನೆಯಲ್ಲಿ ಬರುತ್ತಿದ್ದ ಹಾಗೇ ಬಂತು, ನೆಲ ಗೊತ್ತಿದ್ದವರು ಕಾಲಿಡುವ ಹಾಗೆ.

ಎರಡನೆಯ ಸಾಲಿಗೆ ಮೇಷ್ಟ್ರು ಇನ್ನೊಂದು ಸ್ವರ ಸೇರಿಸಿದರು, ಆಮೇಲೆ ಮೂರನೆಯದು. ಅಮ್ಮ ಕೈ ಎತ್ತಿ ನಿಲ್ಲಿಸಿದಳು.

‘ಅಣ್ಣಾ, ಆ ಒಂದು ಬ್ಯಾಡ. ಅದು ಬಂದ್ರೆ ಪದ ಅಳಾಕೆ ಶುರು ಮಾಡ್ತೈತೆ. ಇದು ಅಳೋ ಪದ ಅಲ್ಲ.’

‘ಯಾವುದು, ಇದಾ?’

‘ಅದಲ್ಲ, ಅದರ ಮೇಲಿಂದು. ಊಂ, ಅದು.’

ಮೇಷ್ಟ್ರು ಬೆರಳು ತೆಗೆದರು. ಹೀಗೆ ಒಂದು ಗಂಟೆ ನಡೆಯಿತು. ಅವರು ಒಂದು ಸ್ವರ ಇಡುವುದು, ಇವಳು ಬೇಡ ಎನ್ನುವುದು ಅಥವಾ ತಲೆಯಾಡಿಸುವುದು. ಇವಳು ಕೇಳಿದ್ದನ್ನು ಅವರು ಒಪ್ಪದೆ, ‘ಅದು ನಮ್ ಕಾನೂನಿಗೆ ಆಗಲ್ಲಮ್ಮಾ’ ಎನ್ನುವುದೂ ಇತ್ತು. ನಾನು ಪಿಟೀಲಿನ ಪೆಟ್ಟಿಗೆ ಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ಇಪ್ಪತ್ತು ವರ್ಷದಿಂದ ಕೂಡಿಸುವವನು ನಾನು ಎಂದು ಹೇಳಿಕೊಂಡು ಬಂದವನು. ನನ್ನ ಕಣ್ಣೆದುರೇ ಅದು ನಡೆಯುತ್ತಿತ್ತು, ಅವರಿಬ್ಬರಿಗೂ ನನ್ನ ನೆನಪೇ ಇರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದು ಹೇಳಲು ಈಗ ಸಂಕೋಚವಿಲ್ಲ. ಹೊರಗೆ ಹೋಗಿ ಬೀದಿಯ ಕೊನೆಯ ತನಕ ನಡೆದು ಬಂದೆ. ಬಂದಾಗ ಮೇಷ್ಟ್ರು ತಮ್ಮ ಹಾಡನ್ನು ಹೇಳುತ್ತಿದ್ದರು. ಅಮ್ಮ ಅದರ ಅರ್ಥ ಕೇಳಿದಳು.

‘ಕೆಳಗೆ ಓಗಿದ್ದೋರು ಮೇಲೆ ಬರಲಿಲ್ಲ. ನೀನೇ ಕೆಳಗೆ ಇಳಿದು ಬಾ ಸ್ವಾಮಿ, ಅವರ ಕೈ ಹಿಡ್ಕೋ ಅಂತ. ನಾನು ಇಳಿಸಿದೋರು ಅಮ್ಮಾ ಅವರೆಲ್ಲಾ. ಹಗ್ಗ ಬಿಟ್ಟೋನು ನಾನು.’

ಅಮ್ಮ ಗಿಣ್ಣಿನ ಡಬ್ಬಿಯನ್ನು ಅವರ ಕಡೆಗೆ ಸರಿಸಿದಳು. ಆಮೇಲೆ ಮೆಲ್ಲಗೆ, ‘ನಮ್ದ್ರಾಗೆ ನೀರು ಕೆಳಗೈತೆ ಅಂತೀವಿ. ನಿಮ್ದ್ರಾಗೆ ಮನುಸ್ರು ಕೆಳಗವ್ರೆ. ಎರಡೂ ಒಂದಲ್ಲ ಅಲ್ವಾ ಅಣ್ಣಾ’ ಎಂದಳು.

ಮೇಷ್ಟ್ರಿಗೆ ಕೇಳಿಸಲಿಲ್ಲ. ನಾನು ಅವರ ಕಿವಿಯ ಬಳಿ ಬಾಗಿ ಅದನ್ನೇ ಹೇಳಬೇಕಾಯಿತು. ನನ್ನ ಬಾಯಲ್ಲಿ ‘ಒಂದಲ್ಲ’ ಎಂಬ ಮಾತು.

‘ಒಂದಲ್ಲಮ್ಮಾ’ ಎಂದರು ಅವರು. ‘ನಿಜ.’

ಇಬ್ಬರಿಗೂ ಅದರಿಂದ ಬೇಸರವಾದಂತೆ ಕಾಣಲಿಲ್ಲ. ಅಮ್ಮ ಅವರ ಹಾಡನ್ನು ಇನ್ನೊಂದು ಸಲ ಹೇಳಿ ಎಂದಳು. ಮುಗಿದ ಮೇಲೆ ಒಂದು ಗಳಿಗೆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಬೀದಿಯಲ್ಲಿ ಯಾರೋ ಬಿಂದಿಗೆ ಇಳಿಸಿದ ಸದ್ದು ಬಂತು. ನಾನು ಎಷ್ಟೋ ವರ್ಷಗಳ ಮೇಲೆ, ಏಳಬೇಕು ಎನ್ನಿಸದೆ, ಕೂತಿದ್ದೆ.

ಅದು ಹೆಚ್ಚು ದಿನ ಉಳಿಯಲಿಲ್ಲ, ಸುಳ್ಳು ಹೇಳುವುದಿಲ್ಲ. ಮರುವಾರವೇ ಕಾಲು ಓಡಾಡತೊಡಗಿತು. ಆದರೆ ಕೆಲವು ಕೆಲಸ ಮಾಡಿದೆ. ಕೇಂದ್ರದವರಿಗೆ ಬರೆದು ನಿಮ್ಮ ಜಾಲತಾಣದಿಂದ ಆ ಹಾಡನ್ನು ತೆಗೆಯಿರಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅಷ್ಟು ಜನರ ಮನಸ್ಸಿಗೆ ಶಾಂತಿ ಕೊಟ್ಟದ್ದನ್ನು ಕಾಲು ಸ್ವರಕ್ಕಾಗಿ ತೆಗೆಯುವುದೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ, ನನಗೆ ಇವತ್ತಿಗೂ ಅದಕ್ಕೆ ಪೂರ್ತಿ ಉತ್ತರ ಗೊತ್ತಿಲ್ಲ. ಹಾಡಿದವಳಿಗೆ ಬೇಡವಾಗಿದೆ ಎಂದಷ್ಟೇ ಬರೆದೆ. ತೆಗೆದರು. ಆಮೇಲೆ ಕರೆಯಲಿಲ್ಲ. ಅಮ್ಮ ಮತ್ತೆ ಶನಿವಾರದ ಭಜನೆಗೆ ಹೋಗತೊಡಗಿದಳು. ಮೇಷ್ಟ್ರ ಮನೆಯಿಂದ ಚರ್ಚಿನ ಪ್ರಾಕ್ಟೀಸು ಬೇರೆ ಮನೆಗೆ ಹೋಯಿತು. ಕೋಪ ಮಾಡಿಕೊಂಡಿದ್ದ ಇಬ್ಬರಲ್ಲಿ ಒಬ್ಬರು, ಒಳ್ಳೆಯ ದನಿಯ ಒಬ್ಬ ನರ್ಸಮ್ಮ, ಕುತೂಹಲ ತಡೆಯಲಾರದೆ ಮತ್ತೆ ಬಂದರು.

ಮೊನ್ನೆ ಬಂಗಾರಪೇಟೆಯ ಒಂದು ಶಾಲೆಯ ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ, ನಾವು ಸಣ್ಣದೊಂದು ಕಾರ್ಯಕ್ರಮ ಮಾಡಿದೆವು. ಲಗೇಜ್ ಆಟೋದಲ್ಲಿ ಆರ್ಗನ್ ಬಂತು. ಅಮ್ಮನ ಕಡೆಯವರು ಆರು ಜನ, ಉರಿಗಾಂನಿಂದ ಮೇಷ್ಟ್ರು ಮತ್ತು ಆ ನರ್ಸಮ್ಮ. ಕೇಳಲು ಮೂವತ್ತು ನಲವತ್ತು ಜನ ಇದ್ದರು. ನಾನು ಯಾವ ಮಾತನ್ನೂ ಹೇಳಲಿಲ್ಲ. ಎರಡು ಹಾಡನ್ನು ಕೂಡಿಸಲೂ ಇಲ್ಲ. ಮೊದಲು ಒಂದು, ಆಮೇಲೆ ಇನ್ನೊಂದು. ಅಮ್ಮನ ಪದಕ್ಕೆ ಆರ್ಗನ್ನು ಅವಳು ಒಪ್ಪಿದಷ್ಟು ಸ್ವರಗಳಲ್ಲಿ ಹಿಂದೆ ನಿಂತಿತು. ಮೇಷ್ಟ್ರ ಹಾಡಿಗೆ ನಮ್ಮೂರ ತಂಬೂರಿ ಸುಮ್ಮನೆ ಮಿಡಿಯಿತು. ನನಗೆ ಮೇಷ್ಟ್ರು ನಡುವಿನ ದನಿ ಕೊಟ್ಟಿದ್ದರು. ಮೇಲಿನದೂ ಅಲ್ಲ, ತಳದ್ದೂ ಅಲ್ಲ. ಚೆನ್ನಾಗಿ ನುಡಿಸಿದರೆ ಯಾರಿಗೂ ಕೇಳಿಸದ, ತಪ್ಪಿದರೆ ಎಲ್ಲರಿಗೂ ಕೇಳಿಸುವ ದನಿ. ಎರಡು ಕಡೆ ತಪ್ಪಿದೆ.

ಎಲ್ಲವೂ ಚೆನ್ನಾಗಿ ನಡೆಯಿತು ಎನ್ನಲಾರೆ. ಅಮ್ಮನಿಗೆ ನಡುವೆ ಕೆಮ್ಮು ಬಂದು ನಿಲ್ಲಿಸಿ, ನೀರು ಕುಡಿದು, ಮೊದಲಿನಿಂದ ಶುರುಮಾಡಿದಳು. ನರ್ಸಮ್ಮ ಪದದ ಕೊನೆಯ ನುಡಿಗೆ ದನಿಗೂಡಿಸಲು ಹೋಗಿ ಅರ್ಧ ತಾಳ ಮುಂದೆ ಓಡಿದರು. ಕೇಳುತ್ತಿದ್ದವರಲ್ಲಿ ಒಬ್ಬರು, ‘ಇದು ಭಜನೆನೋ ಪ್ರೇಯರ್ರೋ?’ ಎಂದು ಪಕ್ಕದವರನ್ನು ಕೇಳಿದ್ದು ನನಗೆ ಕೇಳಿಸಿತು. ಪಕ್ಕದವರು, ‘ಎರಡೂ ಆಯ್ತಲ್ಲ, ಸುಮ್ನಿರಿ’ ಎಂದರು.

ಆರ್ಗನ್ನನ್ನು ಆಟೋಗೆ ಹತ್ತಿಸಿ, ಮೇಷ್ಟ್ರನ್ನು ಮುಂದೆ ಕೂರಿಸಿ ಕಳಿಸಿದ ಮೇಲೆ ಅಮ್ಮನನ್ನು ಬೂದಿಕೋಟೆ ಬಸ್ಸಿಗೆ ಹತ್ತಿಸಲು ಹೋದೆ. ಹಾಲು ಕರೆಯುವ ಹೊತ್ತಾಯಿತೆಂದು ಅವಳಿಗೆ ಅವಸರ. ಕಿಟಕಿಯ ಪಕ್ಕ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಹೊರಗೆ ನಿಂತಿದ್ದ ನನ್ನನ್ನು ಕರೆದಳು.

‘ಆ ನರ್ಸಮ್ಮಂಗೆ ತಾಳ ನಿಲ್ಲಲ್ಲ ಕಣಪ್ಪ. ಶನಿವಾರ ಬರಾಕೇಳು, ಕಲಿಸ್ತೀನಿ.’